ಕಾವಲಿನವನು ಕಂಡದ್ದನ್ನೂ ಬರೆದುಕೊಳ್ಳಲಿ

ಮಾನ್ಯ ಸಂಪಾದಕರೇ,

2024ರ ಆಗಸ್ಟ್‌ನಲ್ಲಿ ಹೆಸರಾಂತ ಚಿತ್ರನಟರೊಬ್ಬರನ್ನು ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ನಮ್ಮ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ತಂದಾಗಿನಿಂದ, ಜೈಲೆಂದರೆ ಕಾಲು ಚಾಚಿ ಕೂತು ಉಣ್ಣುವ ಜಾಗ ಎಂಬ ಮಾತು ಊರಿನ ಹೋಟೆಲುಗಳಿಂದ ಹಿಡಿದು ತಮ್ಮ ಪತ್ರಿಕೆಯ ಓದುಗರ ಪತ್ರಗಳವರೆಗೂ ಹಬ್ಬಿದೆ. ಕೈದಿಗಳಿಗೆ ಜನರ ತೆರಿಗೆಯ ಹಣದಲ್ಲಿ ಅನ್ನ ಹಾಕುವುದೇ ದಂಡ ಎಂದು ಬರೆದವರೂ ಇದ್ದಾರೆ. ಕಲ್ಯಾಣ ಕರ್ನಾಟಕದ ಕೆಲವು ಕಾರಾಗೃಹಗಳಲ್ಲಿ ವೀಕ್ಷಕನಾಗಿ, ಅಂದರೆ ವಾರ್ಡರನಾಗಿ, ಆಮೇಲೆ ಮುಖ್ಯ ವೀಕ್ಷಕನಾಗಿ ದುಡಿದು, ನಿವೃತ್ತಿಯ ನಂತರ ಬಳ್ಳಾರಿಯಲ್ಲಿ ನೆಲೆಸಿರುವ ನಾನು ಈ ಮಾತಿಗೆ ಉತ್ತರ ಬರೆಯದೆ ಇರಲಾರೆ. ನನ್ನ ಜೊತೆ ದುಡಿದವರು ಇನ್ನೂ ಸೇವೆಯಲ್ಲಿರುವುದರಿಂದ ಯಾವ ಜೈಲು, ಯಾವ ವರ್ಷ ಎಂಬುದನ್ನು ಹೇಳುವುದಿಲ್ಲ.

ಹೊರಗಿನವರ ಕಣ್ಣಿಗೆ ವಾರ್ಡರನ ಕೆಲಸವೆಂದರೆ ಲಾಠಿ ಮತ್ತು ಬೀಗದ ಕೈ. ಒಳಗೆ ದುಡಿದವನಿಗೆ ಅದು ಮೊದಲಿಂದ ಕೊನೆಯವರೆಗೂ ಎಣಿಕೆಯ ಕೆಲಸ. ಬೆಳಿಗ್ಗೆ ಬ್ಯಾರಕ್ ತೆರೆಯುವಾಗ ತಲೆ ಎಣಿಸಬೇಕು, ಊಟದ ಹೊತ್ತಿಗೆ ಎಣಿಸಬೇಕು, ನ್ಯಾಯಾಲಯಕ್ಕೆ ಹೋದವರು, ಆಸ್ಪತ್ರೆಗೆ ಹೋದವರು, ಬಿಡುಗಡೆಯಾದವರು ಎಂದು ಕಳೆದು, ಹೊಸದಾಗಿ ಬಂದವರನ್ನು ಕೂಡಿಸಿ, ಸಂಜೆ ಲಾಕಪ್ ಆಗುವಾಗ ಲೆಕ್ಕ ತಾಳೆಯಾದರೆ ಆ ದಿನದ ಕೆಲಸ ಮುಗಿಯಿತು ಎಂದು ಉಸಿರು ಬಿಡಬೇಕು. ಒಂದು ತಲೆ ಕಡಿಮೆ ಬಂದರೆ ಇಡೀ ಜೈಲು ಎದ್ದು ನಿಲ್ಲುತ್ತದೆ. ಗಂಟೆ ಬಾರಿಸುತ್ತಾರೆ, ಅಧೀಕ್ಷಕರು ಓಡಿ ಬರುತ್ತಾರೆ, ಕರ್ತವ್ಯದಲ್ಲಿದ್ದ ವಾರ್ಡರು ಅಮಾನತಾಗುತ್ತಾನೆ. ಆದರೆ ಹೊರಗೆ ಹೋಗಬೇಕಾಗಿದ್ದ ಒಬ್ಬ ಮನುಷ್ಯ ಒಳಗೇ ಉಳಿದಿದ್ದರೆ ಆ ಎಣಿಕೆ ಸರಿಯಾಗಿಯೇ ಬರುತ್ತದೆ, ಯಾವ ಗಂಟೆಯೂ ಬಾರಿಸುವುದಿಲ್ಲ. ನನ್ನ ಮನಸ್ಸನ್ನು ವರ್ಷಗಟ್ಟಲೆ ಕೊರೆದದ್ದು ಈ ಒಂದು ವಿಷಯ, ಮತ್ತು ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದೂ ಇದನ್ನೇ.

ಆಗಿನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೂಡ್ಲಿಗಿ ಕಡೆಯ ಹುಡುಗನೊಬ್ಬ ನಾನಿದ್ದ ಬ್ಯಾರಕ್‌ಗೆ ವಿಚಾರಣಾಧೀನ ಕೈದಿಯಾಗಿ ಬಂದ. ಯಾರದೋ ಹೊಲದ ಪಂಪ್‌ಸೆಟ್ಟಿನ ಕೇಬಲ್ ಕದ್ದನೆಂಬುದು ಆರೋಪ. ಮಳೆ ಕೈಕೊಟ್ಟ ವರ್ಷ ಆ ಸೀಮೆಯ ಅರ್ಧ ಊರು ಗುಳೆ ಹೋಗುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಇವನ ತಂದೆತಾಯಿಯೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದರು. ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತ್ತು. ಬಂದು ಹೆಚ್ಚು ದಿನವಾಗುವ ಮೊದಲೇ ಕೊಟ್ಟಿತ್ತು. ಆದರೆ ಇಬ್ಬರು ಜಾಮೀನುದಾರರು ಬೇಕು, ಅವರ ಹೆಸರಿನಲ್ಲಿ ಪಹಣಿ ಇರಬೇಕು, ಅವರು ತಮ್ಮ ಕೆಲಸ ಬಿಟ್ಟು ನ್ಯಾಯಾಲಯಕ್ಕೆ ಬಂದು ಸಹಿ ಮಾಡಬೇಕು. ಹೊಲವೇ ಇಲ್ಲದ ಮನೆಯವನಿಗೆ ಹೊಲವುಳ್ಳವರು ಯಾಕೆ ಬಂದು ನಿಂತಾರು? ಅದೂ ಆರೋಪ ಕೇಬಲ್ ಕದ್ದದ್ದು. ಹೊಲವುಳ್ಳವರೆಲ್ಲ ಅವನನ್ನು ತಮ್ಮ ಹೊಲಕ್ಕೇ ನುಗ್ಗಿದವನೆಂಬಂತೆ ನೋಡುತ್ತಿದ್ದರು. ಹೀಗೆ ಜಾಮೀನಿನ ಆದೇಶ ಕಡತದಲ್ಲಿತ್ತು, ಹುಡುಗ ಬ್ಯಾರಕ್‌ನಲ್ಲಿದ್ದ.

ಮೊದಲ ದಿನಗಳಲ್ಲಿ ನನಗೆ ಇದಾವುದೂ ತಿಳಿದಿರಲಿಲ್ಲ. ತಿಳಿದುಕೊಳ್ಳುವುದು ನಮ್ಮ ಕೆಲಸವಲ್ಲ ಎಂದೇ ನಮಗೆ ಕಲಿಸಿರುತ್ತಾರೆ. ನಾನು ಸೇವೆಗೆ ಸೇರಿದಾಗ ಹಿರಿಯ ವಾರ್ಡರೊಬ್ಬರು, ‘ಕೇಸು ಕೋರ್ಟಿನದು, ಬೀಗ ನಮ್ಮದು; ಎರಡನ್ನೂ ಕೂಡಿಸಿದವನಿಗೆ ನಿದ್ದೆ ಬರೋದಿಲ್ಲ’ ಎಂದು ಹೇಳಿದ್ದರು. ಅವರು ಕೆಟ್ಟವರಲ್ಲ. ಆ ಕೆಲಸದಲ್ಲಿ ಮನುಷ್ಯ ಮನುಷ್ಯನಾಗಿ ಉಳಿಯಬೇಕಾದರೆ ಹಾಗೊಂದು ಗೋಡೆ ಬೇಕಾಗುತ್ತದೆ ಎಂಬುದನ್ನು ನಾನೂ ಬಲ್ಲೆ. ಕೊಲೆ ಮಾಡಿ ಬಂದವನಿಗೂ ಹಸಿವಾದವನಿಗೂ ಒಂದೇ ಸೌಟಿನಲ್ಲಿ ಸಾರು ಬಡಿಸಬೇಕಾದವನು ಯಾರ ಕತೆಯನ್ನೂ ಕೇಳದಿರುವುದೇ ಒಳ್ಳೆಯದು ಎಂದು ಬಹಳ ವರ್ಷ ನಂಬಿದ್ದೆ.

ಆ ಹುಡುಗ ನನ್ನನ್ನು ಏನೂ ಬೇಡಲಿಲ್ಲ. ಬೀಡಿ ಕೇಳಲಿಲ್ಲ, ಫೋನ್ ಕೇಳಲಿಲ್ಲ. ಮನೆಯವರು ಬಂದು ಕಾಣುವ ಸಂದರ್ಶನದ ಹೊತ್ತು ಮುಗಿದ ಮೇಲೆ ದಿನವೂ ಒಂದೇ ಮಾತು ಕೇಳುತ್ತಿದ್ದ: ‘ನಮ್ಮವ್ವ ಏನಾರ ಬಂದಿದ್ಳಾ ಸಾರ್?’ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಾದ ದಿನ ಬೆಂಗಾವಲಿಗೆ ಪೊಲೀಸರು ಸಿಗದೆ ಹೋಗುತ್ತಿದ್ದುದು, ಅವರು ಸಿಕ್ಕಿದ ದಿನ ಸಾಕ್ಷಿ ಬಾರದೆ ಹೋಗುತ್ತಿದ್ದುದು, ಸಾಕ್ಷಿ ಬಂದ ದಿನ ನ್ಯಾಯಾಧೀಶರು ರಜೆಯಲ್ಲಿರುತ್ತಿದ್ದುದು, ಪ್ರತಿ ಸಲವೂ ಅವನನ್ನು ಒಳಗಿಡಲು ನ್ಯಾಯಾಲಯ ಕೊಟ್ಟ ವಾರಂಟಿನ ಹಿಂಬದಿಯಲ್ಲಿ ಮುಂದಿನ ತಾರೀಖೊಂದು ಬಿದ್ದು ಅವನು ಮರಳಿ ಬರುತ್ತಿದ್ದುದು, ಇದನ್ನೆಲ್ಲ ನೋಡುತ್ತ ನೋಡುತ್ತ ನಾನು ಆ ವಾರಂಟನ್ನು ಓದತೊಡಗಿದೆ. ಹಿಂಬದಿಯಲ್ಲಿ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದರು. ಕಳ್ಳತನದ ಆ ಕಲಮಿಗೆ, ಅಂದರೆ ಭಾರತೀಯ ದಂಡ ಸಂಹಿತೆಯ 379ಕ್ಕೆ, ಇದ್ದ ಗರಿಷ್ಠ ಶಿಕ್ಷೆ ಮೂರು ವರ್ಷ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣಾಧೀನನಾಗಿಯೇ ಕಳೆದವನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ, ಯಾವ ಜಾಮೀನುದಾರನೂ ಇಲ್ಲದೆ ಬಿಡುಗಡೆ ಮಾಡಲು ಅವಕಾಶ ಕೊಡುವ 436ಎ ಎಂಬ ಕಲಮು 2005ರ ತಿದ್ದುಪಡಿಯಿಂದಲೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಅದನ್ನು ನಾನು ತಿಳಿದದ್ದು ಇಲಾಖೆಯ ತರಬೇತಿಯಲ್ಲಿ ಅಲ್ಲ. ಕಾನೂನು ಓದುತ್ತಿದ್ದ ನನ್ನ ಅಣ್ಣನ ಮಗನಿಂದ. ಹುಡುಗ ಒಳಗೆ ಬಂದು ಆಗಲೇ ಒಂದೂವರೆ ವರ್ಷ ದಾಟಿತ್ತು.

ಅಂದಿನಿಂದ ಸಂಜೆಯ ಬೀಗ ನನಗೆ ಬೇರೆಯಾಗಿಯೇ ಕಾಣತೊಡಗಿತು. ಕಾನೂನಿನ ಹೆಸರಿನಲ್ಲಿ ನಾನು ಈ ಹುಡುಗನನ್ನು ಒಳಗಿಡುತ್ತಿದ್ದೇನೆ. ಅದೇ ಕಾನೂನು ಇವನನ್ನು ಬಿಡು ಎನ್ನುತ್ತಿದೆ. ಹಾಗಾದರೆ ನಾನು ದಿನವೂ ಪಾಲಿಸುತ್ತಿರುವುದು ಯಾರ ಆಜ್ಞೆಯನ್ನು? ಈ ಪ್ರಶ್ನೆಗೆ ಯಾವ ಅಧಿಕಾರಿಯ ಬಳಿಯೂ ಕೆಟ್ಟ ಉತ್ತರವಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಯಾರೂ ಅವನನ್ನು ಬೇಕೆಂದೇ ಹಿಡಿದಿಟ್ಟಿರಲಿಲ್ಲ. ಜೈಲರ್ ಸಾಹೇಬರು ನನ್ನ ಮಾತನ್ನು ಸಮಾಧಾನದಿಂದ ಕೇಳಿ, ಅರ್ಹರ ಪಟ್ಟಿ ಕಚೇರಿಯಿಂದ ಹೋಗುತ್ತದೆ ಎಂದರು. ಕಚೇರಿಯವರು, ಪಟ್ಟಿ ಹೋಗಿದೆ, ಆದರೆ ಇವನಿಗೆ ಜಾಮೀನು ಆಗಲೇ ಸಿಕ್ಕಿರುವುದರಿಂದ ಇವನ ಹೆಸರು ‘ಜಾಮೀನಾದವರು’ ಎಂಬ ಕಾಲಮ್ಮಿನಲ್ಲಿದೆ ಎಂದರು. ಆ ಕಾಲಮ್ಮಿನಲ್ಲಿದ್ದವನು ಲೆಕ್ಕದಲ್ಲಿ ಆಗಲೇ ಹೊರಗೆ ಹೋದವನು! ಅವನನ್ನು ಪ್ರತಿ ಸಂಜೆ ಎಣಿಸುತ್ತಿದ್ದವನು ನಾನೊಬ್ಬ. ನನ್ನ ಎಣಿಕೆಯನ್ನು ಆ ಕಾಲಮ್ಮಿನ ಜೊತೆ ಇಟ್ಟು ನೋಡಬೇಕೆಂದು ಯಾವ ನಿಯಮವೂ ಯಾರಿಗೂ ಹೇಳಿರಲಿಲ್ಲ.

ಅವನ ತಾಯಿ ಒಮ್ಮೆ ಬಂದಿದ್ದಳು. ಭಾನುವಾರ ಬಂದಿದ್ದಳು. ಗುಳೆ ಹೋದವರಿಗೆ ಶನಿವಾರ ಬಟವಾಡೆಯಾಗಿ ಭಾನುವಾರ ಮಾತ್ರ ಬಿಡುವು. ನಾನಿದ್ದ ಜೈಲಿನಲ್ಲಿ ಭಾನುವಾರ ಮತ್ತು ಸಾರ್ವಜನಿಕ ರಜೆಯ ದಿನಗಳಲ್ಲಿ ಸಂದರ್ಶನವಿರಲಿಲ್ಲ. ದುಡಿಯುವವರಿಗೆ ಬಿಡುವಿರುವ ದಿನವೇ ಜೈಲಿಗೂ ಬಿಡುವಿದ್ದರೆ ಅವರು ತಮ್ಮ ಮಕ್ಕಳನ್ನು ನೋಡುವುದು ಯಾವಾಗ ಎಂಬುದನ್ನು ಆ ನಿಯಮ ಮಾಡಿದವರು ಯೋಚಿಸಿದಂತಿಲ್ಲ. ಗೇಟಿನಲ್ಲಿ ಕರ್ತವ್ಯದಲ್ಲಿದ್ದವರು ಆಕೆಯನ್ನು ಸೋಮವಾರ ಬಾ ಎಂದು ಕಳುಹಿಸಿದರು. ಸೋಮವಾರ ನಿಂತರೆ ಕೂಲಿ ಹೋಗುತ್ತದೆ, ಮೇಸ್ತ್ರಿ ಬೇರೆಯವರನ್ನು ಇಟ್ಟುಕೊಳ್ಳುತ್ತಾನೆ. ಆಕೆ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನೂ ಒಳಗೆ ಬಿಡುವಂತಿರಲಿಲ್ಲ. ಆ ಸಂಜೆ ಹುಡುಗ ಎಂದಿನ ಪ್ರಶ್ನೆ ಕೇಳಿದಾಗ ನಾನು ಹೌದೆಂದು ಹೇಳಿದೆ, ಆಕೆ ಚೆನ್ನಾಗಿದ್ದಾಳೆಂದು ಹೇಳಿದೆ. ಅದಕ್ಕೂ ನಿಯಮದಲ್ಲಿ ಜಾಗವಿತ್ತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಕೊನೆಗೆ ಅವನು ಹೊರಗೆ ಹೋದದ್ದು 436ಎ ಕಲಮಿನಿಂದಲೂ ಅಲ್ಲ, ಜಾಮೀನಿನಿಂದಲೂ ಅಲ್ಲ. ತಪ್ಪು ಒಪ್ಪಿಕೊಂಡರೆ ಕಳೆದ ಕಾಲವನ್ನೇ ಶಿಕ್ಷೆಯೆಂದು ಹಿಡಿದು ಬಿಡುತ್ತಾರೆ ಎಂದು ಜೊತೆಯ ಕೈದಿಯೊಬ್ಬ ಹೇಳಿಕೊಟ್ಟ, ಮುಂದಿನ ತಾರೀಖಿಗೆ ಹೋಗಿ ಒಪ್ಪಿಕೊಂಡ, ಹಾಗೆಯೇ ಆಯಿತು. ಅವನು ಕೇಬಲ್ ಕದ್ದಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು, ನ್ಯಾಯಾಲಯಕ್ಕೂ ತಿಳಿಯಲಿಲ್ಲ. ತಿಳಿಯುವುದಕ್ಕೆ ಮೊದಲೇ ಅವನು ಶಿಕ್ಷೆ ಮುಗಿಸಿದ್ದ, ಮತ್ತು ಆ ಶಿಕ್ಷೆಗೆ ಹೊಂದುವ ಅಪರಾಧವನ್ನು ಆಮೇಲೆ ತಾನೇ ಒಪ್ಪಿಕೊಳ್ಳಬೇಕಾಯಿತು. ಈಗ ಅವನ ಹೆಸರಿನ ಮುಂದೆ ಕಾಯಂ ಆಗಿ ‘ಶಿಕ್ಷೆಗೊಳಗಾದವನು’ ಎಂದಿರುತ್ತದೆ. ಮುಂದೆ ಆ ಸೀಮೆಯಲ್ಲಿ ಯಾರ ಪಂಪ್‌ಸೆಟ್ ಕಾಣೆಯಾದರೂ ಪೊಲೀಸರು ಮೊದಲು ಹುಡುಕುವುದು ಅವನ ಮನೆಯನ್ನು.

ಇದು ಒಬ್ಬನ ಕತೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಅಪರಾಧ ಸಾಬೀತಾಗಿಲ್ಲ. ಇದು ಹೊಸದಾಗಿ ಕಂಡ ರೋಗವೂ ಅಲ್ಲ. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಂದ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರ ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಅವನ ಜಾಮೀನನ್ನು ತಿರಸ್ಕರಿಸಿದ್ದನ್ನು ಸುಪ್ರೀಂ ಕೋರ್ಟು 1978ರ ಮೋತಿರಾಮ್ ಪ್ರಕರಣದಲ್ಲೇ ಖಂಡಿಸಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಮರುವರ್ಷ, ಬಿಹಾರದ ಜೈಲುಗಳಲ್ಲಿ ತಮ್ಮ ಮೇಲಿನ ಆರೋಪದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಗೇ ಕಾದವರು ಇದ್ದಾರೆಂಬುದು ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಯಲಾಗಿ, ಶೀಘ್ರ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದು ಅದೇ ನ್ಯಾಯಾಲಯ ಸಾರಿತು. 2014ರಲ್ಲಿ, ನ್ಯಾಯಾಧೀಶರೇ ಎರಡು ತಿಂಗಳ ಕಾಲ ವಾರಕ್ಕೊಮ್ಮೆ ಜೈಲಿಗೆ ಹೋಗಿ ಕೂತು ಗರಿಷ್ಠ ಶಿಕ್ಷೆಯ ಅರ್ಧ ಕಳೆದ ವಿಚಾರಣಾಧೀನರನ್ನು ಗುರುತಿಸಿ ಬಿಡಬೇಕೆಂದು ಆದೇಶಿಸಿತು. ತೀರ್ಪುಗಳಿಗೆ ಕೊರತೆ ಇರಲಿಲ್ಲ. ಅವು ಬ್ಯಾರಕ್‌ನ ಬಾಗಿಲಿನವರೆಗೆ ಬಂದು ನಿಲ್ಲುತ್ತಿದ್ದವು.

ಬಳ್ಳಾರಿಯವರಾದ ನಮಗೆ ಸೆರೆಮನೆ ಹೊರಗಿನ ವಿಷಯವೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಅಲ್ಲೀಪುರದ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದರು. 1921ರ ಮಲಬಾರ್ ಬಂಡಾಯದ ನಂತರ ಮಾಪಿಳ್ಳೆ (ಮಲಬಾರಿನ ಮುಸ್ಲಿಂ) ಬಂದಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಳ್ಳಾರಿಗೆ ತಂದರು. ಅದೇ ವರ್ಷದ ನವೆಂಬರ್‌ನಲ್ಲಿ ತಿರೂರಿನಿಂದ ರೈಲಿನಲ್ಲಿ ಸಾಗಿಸುತ್ತಿದ್ದ ಬಂದಿಗಳ ಒಂದು ಗುಂಪನ್ನು ಗಾಳಿಯಾಡದ ಸರಕು ಡಬ್ಬಿಯಲ್ಲಿ ತುಂಬಿ ಬಾಗಿಲು ಹಾಕಿದ್ದರು. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಅನೇಕರು ಉಸಿರುಗಟ್ಟಿ ಸತ್ತಿದ್ದರು, ಒಟ್ಟು ಸತ್ತವರು ಎಪ್ಪತ್ತರ ಹತ್ತಿರ. ಆ ರೈಲಿನಲ್ಲಿ ಕಾವಲಿನ ಪೊಲೀಸರೂ ಇದ್ದರು. ಅವರು ಸ್ವಂತ ಕೈಯಿಂದ ಯಾರನ್ನೂ ಕೊಲ್ಲಲಿಲ್ಲ, ಯಾರೂ ತಪ್ಪಿಸಿಕೊಳ್ಳದಂತೆ ನೋಡಿಕೊಂಡರು ಅಷ್ಟೆ. ತಮಗೆ ಒಪ್ಪಿಸಿದ ಕೆಲಸವನ್ನು ಅವರು ಮಾಡಿದರು. ಕಾವಲಿನವನ ಕರ್ತವ್ಯವನ್ನು ‘ಯಾರೂ ತಪ್ಪಿಸಿಕೊಳ್ಳಬಾರದು’ ಎಂಬಲ್ಲಿಗೆ ಮುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಗೊತ್ತಿಲ್ಲ.

ಹೊರದೇಶಗಳಲ್ಲೂ ಇಂಥ ತಳಮಳ ಉಂಡವರಿದ್ದಾರೆ. ಅಮೆರಿಕದ ಗ್ವಾಂಟನಾಮೊ ಸೆರೆಯಲ್ಲಿ ದೋಷಾರೋಪವೇ ಇಲ್ಲದೆ 2002ರಿಂದ 2016ರವರೆಗೆ ಇದ್ದ ಮಾರಿಟೇನಿಯಾದ ಮೊಹಮದು ಸ್ಲಾಹಿಯವರನ್ನು, ಬಿಡುಗಡೆಯ ನಂತರ ಅವರ ದೇಶಕ್ಕೇ ಹೋಗಿ ಕಂಡುಬಂದವರು ಒಂದು ಕಾಲಕ್ಕೆ ಅವರನ್ನು ಕಾಯುತ್ತಿದ್ದ ಕಾವಲುಗಾರರೇ ಒಬ್ಬರು. ಆ ಹೋಗಿಬರುವಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಕಾವಲಿನವನ ಮನಸ್ಸಿನಲ್ಲಿ ಎದ್ದ ಸಂದೇಹ ಬಂದಿ ಹೊರಗೆ ಬಂದ ಮೇಲೆ ಅವನ ಮನೆ ಹುಡುಕಿಕೊಂಡು ಹೋಗುವುದಕ್ಕಿಂತ, ಬಂದಿ ಒಳಗಿರುವಾಗಲೇ ನ್ಯಾಯಾಧೀಶರ ಮೇಜಿನವರೆಗೆ ಹೋಗುವಂತಾಗಬೇಕು.

ಕಾನೂನು ಈಗ ಸುಧಾರಿಸಿದೆ, ಅದನ್ನು ಸಂತೋಷದಿಂದಲೇ ಒಪ್ಪುತ್ತೇನೆ. ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದವರ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ನಿರ್ದೇಶಿಸಿತು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಪಟ್ಟು ಬಿಡುಗಡೆಯನ್ನು ತಡೆಯುತ್ತಿದೆ ಎಂಬುದನ್ನೂ ಗುರುತಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನು ಬಿಡುಗಡೆಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಸಾಕು. ಅವಧಿ ತುಂಬಿದಾಗ ಲಿಖಿತ ಅರ್ಜಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವುದು ಅಧೀಕ್ಷಕರ ಕರ್ತವ್ಯ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿರುವ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೂ ಇದು ಅನ್ವಯಿಸದು. ಹಳೆಯ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಇದರ ಮೇಲೆ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಮುಂತಾದವರಿರುವ ವಿಚಾರಣಾಧೀನರ ಪರಿಶೀಲನಾ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇದೆ.

ಇಷ್ಟೆಲ್ಲ ಇದ್ದರೂ ಒಂದು ಕೊಂಡಿ ತಪ್ಪಿದೆ ಎಂಬುದು ನನ್ನ ಅನುಭವದ ಮಾತು. ಆ ಸಮಿತಿಯ ಮುಂದೆ ಬರುವುದು ಕಚೇರಿಯ ಪಟ್ಟಿ. ಬ್ಯಾರಕ್‌ನಲ್ಲಿ ದಿನವಿಡೀ ಇರುವವನಿಗೆ ತಿಳಿದಿರುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಯಾರಿಗೆ ತಿಂಗಳುಗಟ್ಟಲೆ ಸಂದರ್ಶನಕ್ಕೆ ಯಾರೂ ಬಂದಿಲ್ಲ, ಯಾರ ಮನೆಯವರು ಗುಳೆ ಹೋಗಿದ್ದಾರೆ, ಯಾರಿಗೆ ತನ್ನ ವಕೀಲರು ಯಾರೆಂದೇ ಗೊತ್ತಿಲ್ಲ, ಯಾರು ಜಾಮೀನು ಸಿಕ್ಕಿದ್ದರೂ ಇಲ್ಲೇ ಮಲಗುತ್ತಿದ್ದಾರೆ, ಯಾರ ಮನಸ್ಸು ಸ್ಥಿಮಿತ ತಪ್ಪುತ್ತಿದೆ, ಇವೆಲ್ಲ ವಾರ್ಡರಿಗೆ ಗೊತ್ತು. ಆದ್ದರಿಂದ ಪ್ರತಿ ಬ್ಯಾರಕ್‌ಗೆ ಒಂದು ಪುಸ್ತಕವಿಟ್ಟು, ಅಲ್ಲಿ ಕರ್ತವ್ಯದಲ್ಲಿರುವ ವೀಕ್ಷಕನು ವಾರಕ್ಕೊಮ್ಮೆ ಇದನ್ನು ಬರೆಯುವಂತೆ ಮಾಡಬೇಕು. ಅದು ಕಚೇರಿಯ ಕೈಯಲ್ಲಿ ಸೋಸಿಹೋಗದೆ ಇದ್ದ ಹಾಗೆಯೇ ಸಮಿತಿಯ ಮುಂದೆ ಹೋಗಬೇಕು. ಬರೆದವನಿಗೆ ಅದರಿಂದ ವರ್ಗಾವಣೆಯೋ ಕಿರುಕುಳವೋ ಆಗಬಾರದು. ಸಂಜೆಯ ಎಣಿಕೆಯ ಪುಸ್ತಕದಲ್ಲೇ, ಪ್ರತಿ ವಿಚಾರಣಾಧೀನನ ಹೆಸರಿನ ಮುಂದೆ ಅವನು ಬಿಡುಗಡೆಗೆ ಅರ್ಹನಾಗುವ ತಾರೀಖನ್ನು ಬರೆದಿಡಬೇಕು. ಆ ತಾರೀಖು ದಾಟಿದ ಹೆಸರೊಂದು ಎಣಿಕೆಯಲ್ಲಿ ಸಿಕ್ಕರೆ, ಒಂದು ತಲೆ ಕಡಿಮೆ ಬಂದಾಗ ಆಗುವಷ್ಟೇ ಗಾಬರಿ ಆಗಬೇಕು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ವಾರ್ಡರುಗಳ ಕೈಗೆ ಬರೆಯುವ ಅಧಿಕಾರ ಕೊಟ್ಟರೆ ಅದನ್ನೂ ಮಾರಿಕೊಳ್ಳುತ್ತಾರೆ ಎನ್ನುತ್ತಾರೆ. ಜೈಲುಗಳಲ್ಲಿ ಫೋನು, ಗಾಂಜಾ ಒಳಗೆ ಹೋಗುವುದು ಹೇಗೆಂದು ತಿಳಿದ ನಾನು ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ನಾನು ಕೇಳುತ್ತಿರುವುದು ಬಿಡುವ ಅಧಿಕಾರವನ್ನಲ್ಲ, ತಿಳಿಸುವ ಅಧಿಕಾರವನ್ನು. ಬಿಡುವುದೋ ಬಿಡದಿರುವುದೋ ನ್ಯಾಯಾಧೀಶರದೇ. ದುಡ್ಡಿರುವ ಬಂದಿಗೆ ವಾರ್ಡರನ ಒಂದು ಸಾಲಿನ ಟಿಪ್ಪಣಿ ಬೇಕಾಗುವುದೂ ಇಲ್ಲ, ಅವನಿಗೆ ವಕೀಲರಿರುತ್ತಾರೆ. ಆ ಸಾಲು ಬೇಕಾಗಿರುವುದು ಕೊಡಲು ಏನೂ ಇಲ್ಲದವನಿಗೆ. ತಿಹಾರ್ ಜೈಲಿನಲ್ಲಿ ಒಬ್ಬ ಬಂದಿಯ ಮೇಲೆ ಮುಖ್ಯ ವಾರ್ಡರನೇ ನಡೆಸಿದ ಹಿಂಸೆಯನ್ನು ಇನ್ನೊಬ್ಬ ಬಂದಿ ಸುನೀಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಪತ್ರ ಬರೆದು ತಿಳಿಸಿದಾಗ, ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರ್‌ನಲ್ಲಿ ತೀರ್ಪು ಕೊಡಲಾಯಿತು. ಬಂದಿಯ ಪತ್ರಕ್ಕೆ ಆ ಬೆಲೆ ಸಿಗಬಹುದಾದರೆ, ಕಾವಲಿನವನ ಟಿಪ್ಪಣಿಗೂ ಸಿಗಲಿ.

ಈ ಕೆಲಸದಲ್ಲಿರುವ ಕಿರಿಯರಿಗೆ ಒಂದು ಮಾತು. ವಾರಂಟು ಓದಿ. ಓದುವುದರಿಂದ ಶಿಸ್ತು ಕೆಡುವುದಿಲ್ಲ. ಯಾವನ ಮೇಲೆ ಯಾವ ಕಲಮು, ಒಳಗೆ ಬಂದು ಎಷ್ಟು ಕಾಲವಾಯಿತು, ಜಾಮೀನು ಆಗಿದೆಯೋ ಇಲ್ಲವೋ ಎಂಬಷ್ಟು ತಿಳಿದಿದ್ದರೆ ಜೈಲಿಗೆ ಭೇಟಿ ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಬಾಯಿಮಾತಿನಲ್ಲಾದರೂ ಹೇಳಬಹುದು. ನಾನು ತಿಳಿದಂತೆ ಅದನ್ನು ಯಾವ ನಿಯಮವೂ ತಡೆಯುವುದಿಲ್ಲ.

ಪತ್ರದ ಒಂದು ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳುಹಿಸುತ್ತಿದ್ದೇನೆ. ಸಂದರ್ಶನವನ್ನು ತಿಂಗಳಿಗೆ ಒಂದು ಭಾನುವಾರವಾದರೂ ಇಡುವಂತೆ ಕಾರಾಗೃಹ ಇಲಾಖೆ ಯೋಚಿಸಬೇಕೆಂದು ಕೋರುತ್ತೇನೆ. ಗುಳೆ ಹೋಗಿರುವ ಮನೆಗಳವರು ಈ ಪತ್ರಿಕೆಯನ್ನು ಓದುವುದು ಅಪರೂಪ. ಆದ್ದರಿಂದ ಓದಿದವರು ಅವರಿಗೆ ತಿಳಿಸಿ. ತಮ್ಮವರು ಜೈಲಿನಲ್ಲಿದ್ದು ವಕೀಲರಿಲ್ಲದಿದ್ದರೆ, ಅಥವಾ ಜಾಮೀನು ಸಿಕ್ಕಿಯೂ ಜಾಮೀನುದಾರರು ಸಿಗದಿದ್ದರೆ, 15100 ಎಂಬ ಕಾನೂನು ಸೇವೆಗಳ ಸಹಾಯವಾಣಿಗೆ ಕರೆ ಮಾಡಬಹುದು, ಇಲ್ಲವೇ ಯಾವುದೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ ಬಂದಿಯ ಹೆಸರು ಮತ್ತು ಜೈಲಿನ ಹೆಸರು ಹೇಳಿದರೆ ಸಾಕು. ಅಲ್ಲಿಯ ವಕೀಲರಿಗೆ ಶುಲ್ಕ ಕೊಡಬೇಕಾಗಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ವೀಕ್ಷಕ, ಬಳ್ಳಾರಿ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)